ಗಲ್ಲದ ಮೇಲಿನ ಮಾಸ್ಕ್

ಮಾಸ್ಕ್ ಕಡ್ಡಾಯ ಅನ್ನೋದು ಕೊರೊನಾ ಕಾಲದ ಹೊಸ ಐಡಿಯಾ ಅಂದುಕೊಂಡಿದ್ದೀರಾ? ಅಲ್ಲ. 1918ರ ಅಕ್ಟೋಬರ್, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಇನ್‌ಫ್ಲುಯೆಂಜಾ ಮನೆಮನೆಗೆ ನುಗ್ಗಿತ್ತು. ಎಲ್ಲರೂ ಗಾಜ್ ಬಟ್ಟೆಯ ಮಾಸ್ಕ್ ಹಾಕಲೇಬೇಕು ಅಂತ ನಗರಾಡಳಿತ ಕಾನೂನು ಮಾಡಿತು. ಹಾಕದವರಿಗೆ ದಂಡ, ಜೈಲು. ಮಜಾ ಏನು ಗೊತ್ತಾ? ಬಾಕ್ಸಿಂಗ್ ಪಂದ್ಯದಲ್ಲಿ ಮಾಸ್ಕ್ ಇಲ್ಲದೆ ಸಿಕ್ಕಿಬಿದ್ದ ಮೇಯರ್ ಜೇಮ್ಸ್ ರಾಲ್ಫ್ ಅವರೇ ದಂಡ ಕಟ್ಟಿದರು!

ನವೆಂಬರ್ 21ರ ಮಧ್ಯಾಹ್ನ ಸೈರನ್ ಮೊಳಗಿತು. ಜನ ಮಾಸ್ಕ್ ಕಿತ್ತೆಸೆದರು. ಚಳಿಗಾಲದಲ್ಲಿ ಜ್ವರ ಮರಳಿತು. 1919ರ ಜನವರಿಯಲ್ಲಿ ಮತ್ತೆ ಕಡ್ಡಾಯ. ಈ ಸಲ ವಿರೋಧಿಸೋಕೆ 'ಆಂಟಿ-ಮಾಸ್ಕ್ ಲೀಗ್' ಹುಟ್ಟಿಕೊಂಡಿತು.

ಹಾಗಾದ್ರೆ ಲಾಭ ಆಯ್ತಾ? ಕ್ಯಾಲಿಫೋರ್ನಿಯಾ ಆರೋಗ್ಯ ಮಂಡಳಿಯ ಡಾ. ವಿಲ್ಫ್ರೆಡ್ ಕೆಲಾಗ್ ಲೆಕ್ಕ ಹಾಕಿದರು. ಕಡ್ಡಾಯದಿಂದ ಸೋಂಕು ತಗ್ಗಿದ್ದು ಅವರಿಗೆ ಕಾಣಲಿಲ್ಲ. ಯಾಕೆ? ಇಂಜಿನಿಯರಿಂಗ್ ಓದಿದ ನನಗೆ ಥಟ್ಟನೆ ಅರ್ಥವಾಯ್ತು. ಬಟ್ಟೆ ತೆಳುವಾದರೆ ಹನಿ ದಾಟುತ್ತೆ. ಪದರ ಹೆಚ್ಚಿಸಿದರೆ ಉಸಿರು ಪಕ್ಕದ ಸಂದಿಯಿಂದ ನುಗ್ಗುತ್ತೆ. ಇನ್ನೊಂದು ಕಾರಣ: ಬೀದಿಯಲ್ಲಿ ಹಾಕಿಕೊಂಡವರು ಆಫೀಸಿನೊಳಗೆ ತೆಗೆದಿಡುತ್ತಿದ್ದರು.

ಇದನ್ನು ಓದಿ ನಾನು ತಲೆ ತಗ್ಗಿಸಿದೆ. 2020ರಲ್ಲಿ 'ಮಾಸ್ಕ್ ಹಾಕ್ರೀ' ಅಂತ ಕ್ಯಾಮೆರಾ ಮುಂದೆ ಗದರಿದವನು ನಾನು. ಕ್ಯಾಮೆರಾ ಆಫ್ ಆದಮೇಲೆ, ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ, ನನ್ನ ಮಾಸ್ಕ್ ಗಲ್ಲದ ಮೇಲಿರುತ್ತಿತ್ತು.

ಹಾಗಂತ ಮಾಸ್ಕೇ ವೇಸ್ಟ್ ಅಂತಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95ಕ್ಕೂ ಅಂದಿನ ಗಾಜ್ ಬಟ್ಟೆಗೂ ಅಜಗಜಾಂತರ. ಕಾನೂನು ಮಾಸ್ಕನ್ನು ಜೇಬಿನ ತನಕ ತಲುಪಿಸಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ನೋಡದಿದ್ದಾಗ, ಮೂಗಿನ ಮೇಲೆ ಕೂರಿಸಬೇಕಾದವರು ನಾವೇ.