ಮೀಟರಿನ ಮಧ್ಯದಲ್ಲೊಂದು ಕೆಂಪು ಪಟ್ಟಿ

ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು. ವಿಮಾನದ ವಿಷಯ ಬಂತು ಅಂದ್ರೆ ಡೆಸ್ಕ್‌ನವರೆಲ್ಲ ನನ್ನ ಕಡೆ ತಿರುಗ್ತಾರೆ. ಇವತ್ತಿನದು ಬ್ರೇಕಿಂಗ್ ನ್ಯೂಸ್ ಅಲ್ಲ, ಹಳೇ ಕಥೆ.

ಪೈಪರ್ ಚೆರೋಕೀ 180 ಅಂತ ಅಮೆರಿಕದ ಪುಟ್ಟ ವಿಮಾನ, 1960ರ ದಶಕದ್ದು. ಗೇರ್ ಇಲ್ಲ, ಇಂಜಿನ್ ಎಷ್ಟು ಸುತ್ತುತ್ತೋ ಪ್ರೊಪೆಲ್ಲರೂ ಅಷ್ಟೇ. ನಿಮಿಷಕ್ಕೆ 2700 ಸುತ್ತು ಮೀರುವಂತಿಲ್ಲ. ಇದು ಅರ್ಥವಾಗುತ್ತೆ. 76 ಇಂಚಿನ ಪ್ರೊಪೆಲ್ಲರಿನ ತುದಿ ಆಗ ಸೆಕೆಂಡಿಗೆ ಸುಮಾರು 270 ಮೀಟರ್ ವೇಗದಲ್ಲಿರುತ್ತೆ. ಶಬ್ದದ ವೇಗ ಸುಮಾರು 340. ಅದರ ಹತ್ತಿರ ಹೋದಷ್ಟೂ ಗದ್ದಲ ಹೆಚ್ಚು, ಪ್ರಯೋಜನ ಕಡಿಮೆ.

ಆದರೆ ಮೀಟರಿನಲ್ಲಿ 2150ರಿಂದ 2350ರವರೆಗೂ ಒಂದು ಕೆಂಪು ಪಟ್ಟಿ ಇದೆ ನೋಡಿ! ಇಲ್ಲಿ ನಿಲ್ಲಬೇಡ, ದಾಟಿ ಹೋಗು ಅಂತ. ನಿಧಾನವಾದಾಗ ಎಂಥ ಅಪಾಯ?

ಇಂಥದೇ ತೊಂದರೆಯ ಪೆಟ್ಟು ತಿಂದವರು ರೈಟ್ ಸಹೋದರರು. 1903ರ ನವೆಂಬರ್ 5, ಕಿಟಿ ಹಾಕ್. ಇಂಜಿನ್ ಶುರು ಮಾಡಿದರು, ಅದು ಒದ್ದಾಡಿತು, ಆ ಎಳೆದಾಟಕ್ಕೆ ಪ್ರೊಪೆಲ್ಲರ್ ಶಾಫ್ಟ್‌ಗಳೇ ಹಾಳಾದವು. ರಿಪೇರಿಗೆ ಡೇಟನ್‌ಗೆ ಕಳಿಸಿದರು. ವಾಪಸ್ ಬಂದವು, ನವೆಂಬರ್ 28ರಂದು ಒಂದರಲ್ಲಿ ಬಿರುಕು! ಅವು ಒಳಗೆ ಟೊಳ್ಳಾದ ಉಕ್ಕಿನ ಕೊಳವೆಗಳು. ಈ ಸಲ ಆರ್ವಿಲ್ ತಾನೇ ಊರಿಗೆ ಹೋಗಿ ಸ್ಪ್ರಿಂಗ್ ಸ್ಟೀಲಿನ ಗಟ್ಟಿ ಶಾಫ್ಟ್ ಮಾಡಿಸಿಕೊಂಡು ಡಿಸೆಂಬರ್ 11ಕ್ಕೆ ಮರಳಿದ. ಆರನೇ ದಿನಕ್ಕೆ ಮನುಷ್ಯ ಹಾರಿದ. ಆ 12 ಸೆಕೆಂಡ್ ಎಲ್ಲರಿಗೂ ಗೊತ್ತು, ಶಾಫ್ಟ್‌ಗಾಗಿ ಅಲೆದದ್ದನ್ನು ಯಾರು ಕೇಳ್ತಾರೆ?

ಪಿಸ್ಟನ್ ಇಂಜಿನ್ ಶಾಫ್ಟನ್ನು ಒಂದೇ ಸಮನೆ ತಿರುಗಿಸಲ್ಲ, ಗುದ್ದಿ ಗುದ್ದಿ ತಿರುಗಿಸುತ್ತೆ. ನಾಲ್ಕು ಸಿಲಿಂಡರ್ ಇದ್ದರೆ ಸುತ್ತಿಗೆ ಎರಡು ಗುದ್ದು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಜೀಕು ಜೋರಾಗುತ್ತಲ್ಲ, ಹಾಗೇ ಒಂದು ವೇಗದಲ್ಲಿ ಗುದ್ದಿನ ಲಯ ಬ್ಲೇಡಿನ ಸ್ವಂತ ನಡುಕಕ್ಕೆ ಕೂಡಿಬಿಡುತ್ತೆ. ಮರದ ಬ್ಲೇಡ್ ಆ ನಡುಕವನ್ನು ಬಹಳಷ್ಟು ನುಂಗಿಕೊಳ್ತಿತ್ತು. ಅಲ್ಯೂಮಿನಿಯಂಗೆ ಆ ಗುಣ ಕಡಿಮೆ. ಹೊರಗೆ ಏನೂ ಕಾಣಲ್ಲ. ಒಳಗೆ ಲೋಹ ದಣಿಯುತ್ತೆ. ಒಂದು ದಿನ ತುದಿ ಮುರಿದು ಹಾರಿತು ಅಂದ್ರೆ, ತೂಕ ತಪ್ಪಿದ ಪ್ರೊಪೆಲ್ಲರ್ ಇಂಜಿನ್ನನ್ನೇ ಕಿತ್ತು ಬಿಸಾಕಬಲ್ಲದು.

ಅದಕ್ಕೇ ಬ್ಲೇಡಿಗೆ ಸ್ಟ್ರೇನ್ ಗೇಜ್ ಅಂಟಿಸಿ, ನಿಜವಾದ ಇಂಜಿನ್ನಿಗೇ ಜೋಡಿಸಿ ಓಡಿಸಿ ಅಳೀತಾರೆ. ಅದೇ ಪ್ರೊಪೆಲ್ಲರ್ ಬೇರೆ ಇಂಜಿನ್ನಿಗೆ ಹಾಕಿದರೆ ಪಟ್ಟಿಯ ಜಾಗವೇ ಬದಲಾಗಬಹುದು, ಪಟ್ಟಿಯೇ ಇಲ್ಲದಿರಬಹುದು. ಚೆರೋಕೀ ಪೈಲಟ್ ಇಳಿಯುವಾಗ ಥ್ರಾಟಲ್ ಎಳೆದು, 2350ರಿಂದ 2150ರ ಕೆಳಕ್ಕೆ ನಡುವೆ ಎಲ್ಲೂ ನಿಲ್ಲದೆ ಬಂದುಬಿಡ್ತಾನೆ.