ಶಾಲೆಯ ಪರಂಪರೆ ಅಂದ್ರೆ ಯಾರ ಪರಂಪರೆ?



ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಹೆಸರು ಬಂದಾಗೆಲ್ಲ "ಬಾಬಾಸಾಹೇಬರು ಓದಿದ ಶಾಲೆ" ಅಂತ ಎದೆಯುಬ್ಬಿಸಿ ಹೇಳ್ತೀವಿ. ಹೇಳಲೇಬೇಕು. ಆದ್ರೆ ಅಂಥ ಸರ್ಕಾರಿ ಶಾಲೆಗಳ ಬಾಗಿಲು ನಮ್ಮವರಿಗೆ ತೆರೆದ ಕಥೆಯಲ್ಲಿ ನಮ್ಮ ಧಾರವಾಡದ ಒಬ್ಬ ಹುಡುಗನೂ ಇದ್ದಾನೆ. ಅವನನ್ನ ನೆನೆಯೋರು ಕಡಿಮೆ.

1856ನೇ ಇಸವಿ. ಧಾರವಾಡ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಒಬ್ಬ ಮಹಾರ್ ಹುಡುಗನಿಗೆ ಪ್ರವೇಶ ಕೊಡಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ. ಜೂನ್ ತಿಂಗಳಲ್ಲಿ ನೇರವಾಗಿ ಮುಂಬೈ ಸರ್ಕಾರಕ್ಕೇ ಅರ್ಜಿ ಹಾಕಿದ.

ಜುಲೈನಲ್ಲಿ ಸರ್ಕಾರ ಕೊಟ್ಟ ಉತ್ತರದ ಸಾರಾಂಶ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆಯನ್ನ ಮುಟ್ಟಿದ್ರೆ ಶಿಕ್ಷಣಕ್ಕೇ ಪೆಟ್ಟು ಬೀಳುತ್ತೆ. ನ್ಯಾಯ ನಿನ್ನದೇ ಅಂತ ಒಪ್ಪಿಕೊಂಡು ಬಾಗಿಲು ಹಾಕೋ ಈ ಭಾಷೆ ನಮಗೇನು ಹೊಸದಲ್ಲ ಅಲ್ವಾ?

ಆದ್ರೆ ಆ ಅರ್ಜಿ ಅಲ್ಲಿಗೇ ಸಾಯಲಿಲ್ಲ. ವಿಷಯ ಗವರ್ನರ್ ಜನರಲ್‌ವರೆಗೆ, ಅಲ್ಲಿಂದ ಲಂಡನ್‌ಗೆ ಹೋಯ್ತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ 1858ರಲ್ಲಿ ಕಂಪನಿಯ ನಿರ್ದೇಶಕರು ಬರೆದ್ರು. 1882ರ ಹಂಟರ್ ಆಯೋಗವೂ ಆ ತತ್ವವನ್ನ ಎತ್ತಿಹಿಡಿಯಿತು. ಜೊತೆಗೇ ಕೆಳಜಾತಿಯವರಿಗೆ ಪ್ರತ್ಯೇಕ ಶಾಲೆಗಳೂ ಇರಲಿ ಅಂತ ಇನ್ನೊಂದು ದಾರಿ ತೋರಿಸಿತು.

ಕಾಗದದ ಮೇಲೆ ಬಾಗಿಲು ತೆರೆದಿತ್ತು. ಒಳಗೆ ಏನಾಗ್ತಿತ್ತು?

ಧಾರವಾಡದ ಅರ್ಜಿಯಾಗಿ ಸುಮಾರು ಐವತ್ತು ವರ್ಷಕ್ಕೆ ಬಾಲಕ ಭೀಮರಾವ್ ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಸೇರಿದ್ರು. ಒಂದಿನ ಮೇಷ್ಟ್ರು ಲೆಕ್ಕ ಮಾಡೋಕೆ ಬೋರ್ಡಿನ ಹತ್ತಿರ ಕರೆದ್ರು. ಬೋರ್ಡಿನ ಹಿಂದೆ ಊಟದ ಡಬ್ಬಿ ಇಟ್ಟಿದ್ದ ಸವರ್ಣ ಹುಡುಗರು ಓಡಿಹೋಗಿ ಡಬ್ಬಿಗಳನ್ನ ಎತ್ತಿಕೊಂಡ್ರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯೋಕೂ ಬಿಡಲಿಲ್ಲ, ಪರ್ಷಿಯನ್ ತಗೋಬೇಕಾಯ್ತು. ಶುಲ್ಕ ಕಟ್ಟಿ ಓದೋ ಸರ್ಕಾರಿ ಶಾಲೆಯ ಕೋಣೆಯೊಳಗೆ ಜಾತಿ ತನ್ನ ಪಾಠ ನಡೆಸ್ತಾನೇ ಇತ್ತು.

1907ರಲ್ಲಿ ಬಾಬಾಸಾಹೇಬರು ಮೆಟ್ರಿಕ್ ಪಾಸಾದ್ರು. ಅಭಿನಂದನಾ ಸಭೆಯ ಅಧ್ಯಕ್ಷತೆ ವಹಿಸಿದವರು ಎಸ್.ಕೆ. ಬೋಳೆ. ಕೇಳೂಸ್ಕರ್ ಗುರುಗಳು ತಾವೇ ಬರೆದ ಬುದ್ಧ ಚರಿತ್ರೆಯನ್ನ ಉಡುಗೊರೆ ಕೊಟ್ಟದ್ದೂ ಆಗಲೇ. ಅದೇ ಬೋಳೆಯವರು 1923ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ಮುಕ್ತ ಅನ್ನೋ ಠರಾವು ಮಂಡಿಸಿ ಪಾಸು ಮಾಡಿಸಿದ್ರು. 1858ರಲ್ಲೇ ತೆರೆದ ಶಾಲೆಯನ್ನ 65 ವರ್ಷದ ಮೇಲೆ ಮತ್ತೆ ತೆರೀಬೇಕಾಯ್ತು! ಆ ಠರಾವೂ ಕಾಗದದಲ್ಲೇ ಉಳಿದಾಗ, 1927ರಲ್ಲಿ ಮಹಾಡ್ ಕೆರೆಗೆ ನಮ್ಮ ಜನ ನಡೆದುಕೊಂಡೇ ಹೋಗಬೇಕಾಯ್ತು.

ಅದಕ್ಕೇ ಹೇಳೋದು, ಹಳೇ ಶಾಲೆಗಳ ಶತಮಾನೋತ್ಸವ ಮಾಡುವಾಗ ಗೌರವ ಫಲಕದಲ್ಲಿರೋ ಹೆಸರು ಮಾತ್ರ ಓದಬೇಡಿ. ಯಾರನ್ನ ಹೊರಗಿಟ್ಟಿದ್ರು, ಯಾವ ವರ್ಷ ಒಳಗೆ ಬಿಟ್ರು, ಎಲ್ಲಿ ಕೂರಿಸಿದ್ರು ಅಂತಾನೂ ಕೇಳಿ. ಹಳೇ ದಾಖಲಾತಿ ಪುಸ್ತಕ ತೆಗೆಸಿ ನೋಡಿ. ದಲಿತ ಮಹಿಳೆ ಬಿಸಿಯೂಟ ಮಾಡಿದ್ರು ಅಂತ ಮಕ್ಕಳನ್ನ ಶಾಲೆ ಬಿಡಿಸೋ ಸುದ್ದಿ ನಮ್ಮ ರಾಜ್ಯದಲ್ಲೇ ಬರ್ತಿರುವಾಗ, ಆ ಊಟದ ಡಬ್ಬಿಗಳು ಇನ್ನೂ ಬೋರ್ಡಿನ ಹಿಂದೆಯೇ ಇವೆ.

ಧಾರವಾಡದ ಆ ಹುಡುಗ ಅರ್ಜಿ ಬರೆದ. ನಮ್ಮ ಶಾಲೆಯ ಪರಂಪರೆ ಅಲ್ಲಿಂದ ಶುರು. ಅದನ್ನ ಮುಂದುವರಿಸೋಣ.

ಜೈ ಭೀಮ್.