ಆಜೆಂಡ್: ಯಂತ್ರಗಳು ಉಳಿಸಿಕೊಂಡ ಪದ

ಗುಣಾಕಾರದಲ್ಲಿ ಗುಣ್ಯ ಮತ್ತು ಗುಣಕ, ಭಾಗಾಕಾರದಲ್ಲಿ ಭಾಜ್ಯ ಮತ್ತು ಭಾಜಕ. ಈ ಜೋಡಿಗಳು ನಿಮಗೆ ಚಿರಪರಿಚಿತ. ಆದರೆ 386ಕ್ಕೆ 47ನ್ನು ಕೂಡುವಾಗ ಯಾವುದಕ್ಕೆ ಏನು ಹೆಸರು? ತರಗತಿಯಲ್ಲಿ ಯಾರಾದರೂ ಹೀಗೆ ಕೇಳಿದರೆ ನಾವು ತುಸು ತಡವರಿಸುತ್ತೇವೆ.

ಇಂಗ್ಲಿಷಿನಲ್ಲಿ ಇದಕ್ಕೂ ಜೋಡಿ ಪದಗಳಿವೆ. 386 'ಆಜೆಂಡ್', 47 'ಆಡೆಂಡ್'. ಎರಡೂ ಲ್ಯಾಟಿನ್ ಮೂಲದವು. ಮೊದಲನೆಯದರ ಅರ್ಥ ಹೆಚ್ಚಿಸಬೇಕಾದದ್ದು, ಎರಡನೆಯದರದು ಸೇರಿಸಬೇಕಾದದ್ದು. ಗುಣ್ಯ, ಭಾಜ್ಯ ಪದಗಳ ಕೊನೆಯ 'ಯ' ಮಾಡುವ ಕೆಲಸವನ್ನೇ ಅಲ್ಲಿ 'ಎಂಡ್' ಮಾಡುತ್ತದೆ. ಹರಾಜಿಗೆ ಬಳಸುವ 'ಆಕ್ಷನ್' ಕೂಡ ಆಜೆಂಡ್‌ನ ಧಾತುವಿನಿಂದಲೇ ಬಂದದ್ದು; ಅಲ್ಲಿ ಹೆಚ್ಚುವುದು ಬೆಲೆ.

ಗಣಿತಕ್ಕೆ ಈ ಭೇದ ಬೇಕಿಲ್ಲ. ಸಂಕಲನ ಪರಿವರ್ತನೀಯ, ಸ್ಥಾನ ಬದಲಿಸಿದರೂ ಮೊತ್ತ ಅದೇ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯನಂತೂ ಎಂಟು ಪರಿಕರ್ಮಗಳಲ್ಲಿ ಸಾಮಾನ್ಯ ಕೂಡುವಿಕೆಯನ್ನು ಸೇರಿಸಲೇ ಇಲ್ಲ. ಅಲ್ಲಿನ 'ಸಂಕಲಿತ' ಎಂದರೆ ಶ್ರೇಢಿಯ ಮೊತ್ತ. ಬಿಡಿ ಸಂಖ್ಯೆಗಳನ್ನು ಕೂಡುವುದು ಓದುಗನಿಗೆ ಬರುತ್ತದೆಂದೇ ಆತ ಭಾವಿಸಿದಂತಿದೆ.

ಆದರೆ ಯಂತ್ರಕ್ಕೆ ಹಾಗಲ್ಲ. 1642ರಲ್ಲಿ ಬ್ಲೇಸ್ ಪಾಸ್ಕಲ್ ತನ್ನ ಲೆಕ್ಕದ ಯಂತ್ರಕ್ಕೆ ಕೈಹಾಕಿದಾಗ ಅವನಿಗೆ 19 ವರ್ಷ. ರೂಆನ್ ನಗರದಲ್ಲಿ ತೆರಿಗೆಯ ಲೆಕ್ಕ ನೋಡುತ್ತಿದ್ದ ತಂದೆಯ ಶ್ರಮವನ್ನು ಇಳಿಸುವುದು ಉದ್ದೇಶ. ಅಂದಿನ ಹಣವೋ 12 ದನಿಯೆಗೆ ಒಂದು ಸೂ, 20 ಸೂಗೆ ಒಂದು ಲಿವ್ರ್! ನೀವೇ ಆ ಯಂತ್ರದ ಮುಂದೆ ಕುಳಿತಿದ್ದೀರಿ ಎಂದುಕೊಳ್ಳಿ. ಹತ್ತು ಹಲ್ಲಿನ ಚಕ್ರಗಳನ್ನು ಕಡ್ಡಿಯಿಂದ ತಿರುಗಿಸಿ 386 ಮೂಡಿಸುತ್ತೀರಿ. ಬಳಿಕ ಬಿಡಿ ಸ್ಥಾನದ ಚಕ್ರವನ್ನು 7, ಹತ್ತರ ಚಕ್ರವನ್ನು 4 ಮನೆ ತಿರುಗಿಸುತ್ತೀರಿ. ದಶಕ ತಾನಾಗಿಯೇ ದಾಟಿ ಕಿಂಡಿಯಲ್ಲಿ 433 ಕಾಣುತ್ತದೆ. 386 ಎಲ್ಲಿ? ಅದು ಹೋಯಿತು. ಅದಿದ್ದ ಚಕ್ರಗಳ ಮೇಲೆಯೇ ಮೊತ್ತ ಬಂದು ಕುಳಿತಿದೆ. ಮೊದಲ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದಿದ್ದರೆ ತಾಳೆ ನೋಡಲು ದಾರಿಯಿಲ್ಲ. ಹೆಚ್ಚಿಸಿಕೊಂಡು ತಾನೇ ಅಳಿದುಹೋಗುವ ಸಂಖ್ಯೆ ಆಜೆಂಡ್. ಹೊರಗಿನಿಂದ ಬಂದು ಸೇರುವುದು ಆಡೆಂಡ್.

ವಿದ್ಯುನ್ಮಾನ ಗಣಕಗಳು ಬಂದ ಮೇಲೂ ಇದು ತಪ್ಪಲಿಲ್ಲ. 1949ರ ಮೇ ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ 'ಎಡ್ಸ್ಯಾಕ್' ಗಣಕದ ಕೂಡುವ ಆದೇಶವು ಸ್ಮೃತಿಯ ಒಂದು ಸ್ಥಾನದಲ್ಲಿದ್ದ ಸಂಖ್ಯೆಯನ್ನು ಸಂಚಾಯಕಕ್ಕೆ ಸೇರಿಸುತ್ತಿತ್ತು. ಸ್ಮೃತಿಯಲ್ಲಿದ್ದುದು ಹಾಗೆಯೇ ಉಳಿಯುತ್ತಿತ್ತು, ಸಂಚಾಯಕದ ಹಳೆಯ ಬೆಲೆ ಮಾತ್ರ ಅಳಿಯುತ್ತಿತ್ತು. ಹಾಗಾಗಿಯೇ ಸಂಕಲಕ ಮಂಡಲಗಳ ಪಠ್ಯಗಳಲ್ಲಿ ಇಂದಿಗೂ ಈ ಜೋಡಿ ಪದಗಳು ಸಿಗುತ್ತವೆ. ತಮಾಷೆಯೆಂದರೆ, ಅರ್ಧ ಸಂಕಲಕದ ಎರಡು ತಂತಿಗಳನ್ನು ಅದಲು ಬದಲು ಮಾಡಿದರೂ ಫಲಿತಾಂಶ ಬದಲಾಗದು. ಭೇದ ಇರುವುದು ಮೊತ್ತವನ್ನು ಎಲ್ಲಿ ಇಡುತ್ತೇವೆ ಎಂಬುದರಲ್ಲಿ.

ಜಾವಾ ಭಾಷೆ ಕಲಿಯುತ್ತಿರುವವರು 'ಬಿಗ್‌ಡೆಸಿಮಲ್' ವರ್ಗದ ವಿವರಣೆಯನ್ನು ತೆರೆದು ನೋಡಿ. ಕೂಡುವ ವಿಧಾನಕ್ಕೆ ಹೊರಗಿನಿಂದ ನೀಡುವ ಬೆಲೆಗೆ ಅಲ್ಲಿ ಆಜೆಂಡ್ ಎಂದೇ ಹೆಸರು! ಮೇಲಿನ ಅರ್ಥದ ಪ್ರಕಾರ ಅದು ಆಡೆಂಡ್ ಆಗಬೇಕಿತ್ತು. ಅಲ್ಲಿ ಮೂಲ ಬೆಲೆಯೂ ಅಳಿಯುವುದಿಲ್ಲ, ಮೊತ್ತಕ್ಕೆ ಹೊಸ ಜಾಗ ಸಿಗುತ್ತದೆ. ಹೆಸರು ತಲೆಕೆಳಗಾದರೂ ಲೆಕ್ಕ ತಪ್ಪುವುದಿಲ್ಲ. ಅದೇ ವರ್ಗದ ಕಳೆಯುವ ವಿಧಾನದಲ್ಲಿ ಮಾತ್ರ ಹೆಸರು ಸರಿಯಾಗಿಯೇ ಇದೆ.